ಐಕಾನ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕ್ಕಂಡು ಬಂದಿದ್ರು

ಸಿದ್ದಾಪುರ ಕಡೆಯ ಒಬ್ಬರು ಹಿರಿಯರು ಬೆಳಿಗ್ಗೆ ಮೊದಲನೇ ಬಸ್ಸಿಗೇ ಶಿರಸಿಗೆ ಬಂದು ನಮ್ಮನೆ ಹುಡುಕ್ಕಂಡು ಬಂದಿದ್ರು. ಬಾಯ್ತುಂಬ ಕವಳ (ಎಲೆಅಡಿಕೆ), ಹಾಗಾಗಿ ಮೊದಲು ಮಾತೇ ಇಲ್ಲ, ಅಂಗಳದ ತುದಿಗೆ ಹೋಗಿ ಉಗಿದು ಬಂದು ಕೂತು, ಜೇಬಿಂದ ಪೆನ್‌ಡ್ರೈವ್ ತೆಗೆದು ಟೇಬಲ್ ಮೇಲಿಟ್ರು. "ತಮಾ, ಇದು ನೀ ಮಾಡಿದ್ ಪ್ರೋಗ್ರಾಂ ಹೌದಲಾ, ನಮ್ಮನೆ ಕಂಪ್ಯೂಟರಲ್ಲಿ ಓಪನ್ನೇ ಆಗ್ತಿಲ್ಲೆ" ಅಂದ್ರು. ಹಾಕಿ ನೋಡಿದ್ರೆ ಒಳಗೆ ಒಂದೇ ಒಂದು ಫೈಲು, 2 ಕೆಬಿ. ಅವರ ಭಾವನ ವಖಾರಿಲಿ, ಅಂದ್ರೆ ಅಡಿಕೆ ವ್ಯಾಪಾರದ ಮಳಿಗೇಲಿ, ಡೆಸ್ಕ್‌ಟಾಪ್ ಮೇಲಿದ್ದ ಐಕಾನನ್ನ ಎಳೆದು ಪೆನ್‌ಡ್ರೈವ್‌ಗೆ ಬಿಟ್ಕಂಡು ಬಂದಿದ್ರು, ಬರೀ ಶಾರ್ಟ್‌ಕಟ್, ಅಸಲು ಪ್ರೋಗ್ರಾಂ ಎಲ್ಲಿದೆ ಅಂತ ತೋರಿಸೋ ಬಾಣ ಅಷ್ಟೇ. ನಗು ಬಂತು ನಿಜ. ಆಮೇಲೆ ಯೋಚನೆ ಮಾಡಿದ್ರೆ ಅವರ ಲೆಕ್ಕ ಸರಿಯೇ ಇತ್ತು ಮಾರಾಯ್ರೆ, ಅವರ ಪ್ರಕಾರ ಪ್ರೋಗ್ರಾಂ ಅಂದ್ರೆ ಆ ಐಕಾನೇ, ಅದನ್ನ ಒತ್ತಿದ್ರೆ ಅಡಿಕೆ ಲೆಕ್ಕ ಬರತ್ತೆ, ಹಾಗಿದ್ಮೇಲೆ ಅದನ್ನ ತಗಂಡು ಹೋದ್ರೆ ಎಲ್ಲಿಟ್ರೂ ಬರ್ಬೇಕು. ಒಂದು ಫೈಲು, ಎಲ್ಲಿಟ್ರೂ ಓಡ್ಬೇಕು, ಮತ್ತೇನೂ ಕೇಳ್ಬಾರ್ದು. ಓಪನ್ ಸೋರ್ಸ್ ಜನ, ಅಂದ್ರೆ ಪ್ರೋಗ್ರಾಂನ ಸೋರ್ಸ್ ಕೋಡನ್ನ ಎಲ್ಲರಿಗೂ ಬಿಟ್ಟುಕೊಡೋರು, ಇಪ್ಪತ್ತು ವರ್ಷದಿಂದ ಕಿತ್ತಾಡ್ತಾ ಇರೋದೂ ಇದರ ಬಗ್ಗೆಯೇ.

ಪ್ರೋಗ್ರಾಂ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗ್ತೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೆಲಸ ಮನೆಯಿಂದ್ಲೇ ಅಂತಾಯ್ತಲ್ಲ, ಆಗ ಊರಿಗೆ ಬಂದವನು ಸಂಜೆ ಹೊತ್ತಲ್ಲಿ ನಮ್ಮ ಚಿಕ್ಕಪ್ಪನ ವಖಾರಿಗೆ ಅಂತ ಬರೆದಿದ್ದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯ ಬಗೆಬಗೆಯಲ್ಲಿ ಯಾರದ್ದು ಎಷ್ಟು ಕ್ವಿಂಟಾಲ್ ಬಂತು, ಅವತ್ತಿನ ದರ ಎಷ್ಟು, ಮುಂಗಡ ಎಷ್ಟು ಕೊಟ್ಟಿದ್ದು, ಬಾಕಿ ಎಷ್ಟು, ಅಷ್ಟೇ. ಬರೆದಿದ್ದು ಪೈಥಾನ್ ಭಾಷೇಲಿ, ಕಿಟಕಿ, ಬಟನ್ನಿಗೆಲ್ಲ ಕ್ಯೂಟಿ ಅನ್ನೋ ಸಿದ್ಧ ಕೋಡಿನ ಲೈಬ್ರರಿ (ಪೈಥಾನಿಂದ ಅದನ್ನ ಬಳಸಕ್ಕೆ ಪೈಕ್ಯೂಟಿ5), ಡೇಟಾ ಇಡಕ್ಕೆ ಎಸ್‌ಕ್ಯೂಲೈಟ್. ತೂಕದ ಮಷಿನ್ನಿಂದ ಸೀರಿಯಲ್ ಕೇಬಲ್ ಮೂಲಕ ತೂಕ ನೇರ ಓದೋದು ಆಮೇಲೆ ಸೇರಿಸಿದ್ದು, ಚೀಟಿಯ ಫೋಟೋ ಹಚ್ಚಿಡೋ ಸೌಲಭ್ಯ ಇನ್ನೂ ಆಮೇಲೆ. ಯಾರು ಬೇಕಾದ್ರೂ ಬಳಸಿ, ಬದಲಾಯಿಸಿ, ಹಂಚ್ಬಹುದು ಅನ್ನೋ ಜಿಪಿಎಲ್ ಲೈಸೆನ್ಸ್ ಹಾಕಿ ಸೋರ್ಸ್ ಎಲ್ಲ ಬಿಟ್ಟೆ. ಬಿಟ್ಟೆ ಅಂದ್ರೆ ಅಷ್ಟೇ, ಬಿಟ್ಟೆ. ರೀಡ್‌ಮಿ ಫೈಲಲ್ಲಿ "ಪೈಥಾನ್ ಹಾಕ್ಕೊಳ್ಳಿ, ಪಿಪ್ ಇನ್‌ಸ್ಟಾಲ್ ಮಾಡಿ, ರನ್ ಮಾಡಿ" ಅಂತ ಮೂರು ಸಾಲು ಬರೆದು ನನ್ನ ಕೆಲಸ ಮುಗೀತು ಅಂದ್ಕಂಡಿದ್ದೆ. ಪ್ಯಾಕೇಜ್ ಮಾಡೋದು, ಅಂದ್ರೆ ಸುಲಭವಾಗಿ ಹಾಕ್ಕಳೋ ಹಾಗೆ ಕಟ್ಟಿ ಕೊಡೋದು, ಡಿಸ್ಟ್ರೋದವರ (ವಿಂಡೋಸ್ ಬದಲಿಗೆ ಹಾಕ್ಕಳೋ ಲಿನಕ್ಸನ್ನ ಡೆಬಿಯನ್, ಉಬುಂಟು, ಫೆಡೋರಾ ಅಂತ ಹಂಚೋರ) ಕೆಲಸ, ಪ್ರಾಜೆಕ್ಟ್‌ನವರ ಕೆಲಸ ಕೋಡ್ ಬರೆಯೋದು, ಹೀಗೊಂದು ತತ್ವ ಬೇರೆ ಇತ್ತು ಆಗ ನನ್ನ ಹತ್ರ.

ಆ ಮೂರು ಸಾಲಿನ ಫಲ ಎಂತ ಅಂದ್ರೆ ಒಂದು ವರ್ಷ ನಾನೇ ಬೈಕ್ ಹತ್ತಿ ಹುಲೇಕಲ್, ಬನವಾಸಿ, ಯಲ್ಲಾಪುರ ಅಂತ ತಿರುಗಿದ್ದು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗತ್ತೆ, ಪೈಥಾನಿಗೆ ಬೇಕಾದ ಲೈಬ್ರರಿ ನೆಟ್ಟಿಂದ ಇಳಿಸೋ ಪಿಪ್ ಅರ್ಧ ಡೌನ್‌ಲೋಡ್ ಮಾಡಿ ಕೆಂಪು ಅಕ್ಷರದಲ್ಲಿ ಬೈದು ಕೂತ್ಕಳತ್ತೆ, ಆ ಮನೆಯವರು ಚಾ ಕೊಟ್ಟು, ಆಮೇಲೆ ಊಟಕ್ಕೂ ಏಳಿಸಿ, ನಾನು ಸಂಜೆವರೆಗೂ ಆ ಕಪ್ಪು ಪರದೆ ನೋಡ್ತಾ. ಚಿಕ್ಕಪ್ಪನಿಗೆ ಪಿಪ್ ಅಂದ್ರೆ ಎಂತ ಹೇಳಿ ವಿವರಿಸೋಕೆ ಹೋಗಿ ಸೋತಿದ್ದೂ ಆಗಲೇ.

ಬುದ್ಧಿ ಬಂದಿದ್ದು ಅದರಿಂದಲ್ಲ ಆದ್ರೂ. 2021ರಲ್ಲಿ ಕುಮಟೆ ಕಡೆಯ ವಖಾರಿಯೊಂದರಿಂದ ಫೋನು, ಬಿಳಿಗೋಟಿನ ದರ ಹಾಕಿದ್ರೆ ಕೆಂಪುಗೋಟಿನ ಲೆಕ್ಕಕ್ಕೆ ಹೋಗ್ತಾ ಇದೆ ಅಂತ. ಆ ತಪ್ಪು ನಾನು ಆರು ತಿಂಗಳ ಹಿಂದೇ ಸರಿ ಮಾಡಿದ್ದು. ಎಲ್ಲಿಂದ ಹಾಕ್ಕಂಡ್ರಿ ಕೇಳಿದ್ರೆ, ಕಂಪ್ಯೂಟರ್ ಅಂಗಡಿಯವರು ಒಂದು ಸೆಟಪ್ ಫೈಲ್ ಕೊಟ್ರು, 500 ರೂಪಾಯಿ ತಗಂಡ್ರು. ದೇವಿಮನೆ ಘಟ್ಟ ಇಳಿದು ಹೋಗಿ ನೋಡಿದೆ. ಯಾರೋ ನನ್ನ ಹಳೇ ಸೋರ್ಸ್ ತಗಂಡು ಒಂದು ಎಕ್ಸ್‌ಇ (ವಿಂಡೋಸಲ್ಲಿ ಒತ್ತಿದ್ರೆ ಓಡೋ ಫೈಲು) ಕಟ್ಟಿ, ಜೊತೆಗೆ ಇನ್ನೆಂತೆಂತದೋ ಟೂಲ್‌ಬಾರು, ಪಿಡಿಎಫ್ ತೆರೆಯೋದು ಎಲ್ಲಾ ಸೇರಿಸಿ ಒಂದು ಸೆಟಪ್ ಮಾಡಿಟ್ಟಿದ್ರು. ದುಡ್ಡು ತಗಂಡಿದ್ದಕ್ಕೆ ನನಗೆ ಬೇಜಾರಿಲ್ಲ, ಜಿಪಿಎಲ್ ಅದಕ್ಕೆ ಅಡ್ಡಿ ಮಾಡಲ್ಲ, ಸೋರ್ಸ್ ಕೊಡ್ಬೇಕು ಅಷ್ಟೇ. ಆದ್ರೆ ಅಬೌಟ್ ಒತ್ತಿದ್ರೆ ಬರೋದು ನನ್ನ ಹೆಸರು, ಬೈಗಳೂ ನನಗೇ. ಅಂಗಡಿಯವರನ್ನ ಬೈಯೋಣ ಅಂದ್ರೆ ಅವರು ಮಾಡಿದ್ದು ನಾನು ಮಾಡದೇ ಬಿಟ್ಟಿದ್ದ ಕೆಲಸ. ಜನಕ್ಕೆ ಡಬಲ್ ಕ್ಲಿಕ್ ಮಾಡೋ ಫೈಲ್ ಬೇಕಿತ್ತು, ನಾನು ಕೊಡ್ಲಿಲ್ಲ, ಮತ್ಯಾರೋ ಕೊಟ್ರು.

ಇದು ದೊಡ್ಡ ಪ್ರಾಜೆಕ್ಟ್‌ಗಳಿಗೂ ತಪ್ಪಿದ್ದಲ್ಲ. 2025ರ ಫೆಬ್ರವರಿಯಲ್ಲಿ ವೀಡಿಯೋ ರೆಕಾರ್ಡ್ ಮಾಡೋ ಪ್ರೋಗ್ರಾಂ ಓಬಿಎಸ್ ಸ್ಟುಡಿಯೋದವರಿಗೂ ಫೆಡೋರಾದವರಿಗೂ ಜಗಳ ಆಯ್ತಲ್ಲ, ಓಬಿಎಸ್‌ನವರದ್ದೇ ಅಧಿಕೃತ ಫ್ಲ್ಯಾಟ್‌ಪ್ಯಾಕ್ (ಲಿನಕ್ಸಿನ ಒಂದು ಥರದ ಪ್ಯಾಕೇಜು) ಫ್ಲ್ಯಾಟ್‌ಹಬ್ ಅನ್ನೋ ಆಪ್ ಅಂಗಡೀಲಿ ಇದ್ದಾಗ್ಲೂ ಫೆಡೋರಾ ತನ್ನದೇ ಬೇರೆ ಫ್ಲ್ಯಾಟ್‌ಪ್ಯಾಕ್ ಕಟ್ಟಿ ಹಂಚ್ತಾ ಇತ್ತು, ಅದು ಸರಿ ಓಡ್ದೇ ಇದ್ದಿದ್ದಕ್ಕೆ ಬಂದ ದೂರೆಲ್ಲ ಓಬಿಎಸ್‌ನವರ ತಲೆ ಮೇಲೆ. ಕೊನೆಗೆ ನಮ್ಮ ಹೆಸರು, ಲೋಗೋ ತೆಗೀರಿ, ಇಲ್ಲಾಂದ್ರೆ ಕಾನೂನು ಕ್ರಮ ಅನ್ನೋವರೆಗೂ ಹೋಯ್ತು, ಆಮೇಲೆ ಮಾತಾಡಿ ಬಗೆಹರಿಸ್ಕಂಡ್ರು. ಅದನ್ನ ಓದುವಾಗ ಕುಮಟೆಯ ಆ ಅಂಗಡಿ ನೆನಪಾಗಿ ಒಬ್ನೇ ನಕ್ಕೆ.

ಸರಿ, ನಾನೇ ಕಟ್ತೇನೆ ಅಂತ ಕೂತೆ. ವಿಂಡೋಸ್‌ಗೆ ಪೈಇನ್‌ಸ್ಟಾಲರ್, ಪೈಥಾನ್ ಪ್ರೋಗ್ರಾಂನ ಅದಕ್ಕೆ ಬೇಕಾದ್ದೆಲ್ಲದರ ಜೊತೆ ಒಟ್ಟಿಗೆ ಕಟ್ಟೋ ಟೂಲು. ಅದರಲ್ಲಿ ಎರಡು ದಾರಿ, ಎಲ್ಲಾ ಒಂದೇ ಎಕ್ಸ್‌ಇ ಒಳಗೆ ತುಂಬೋದು ಒಂದು, ಒಂದು ಫೋಲ್ಡರ್ ತುಂಬ ಫೈಲ್ ಇಟ್ಟು ಅದರಲ್ಲೊಂದು ಎಕ್ಸ್‌ಇ ಇಡೋದು ಇನ್ನೊಂದು. ನನಗೆ ಸಹಜವಾಗಿ ಒಂದೇ ಫೈಲ್ ಚಂದ ಕಾಣ್ತು. ಆದ್ರೆ ಅದು ಪ್ರತಿ ಸಲ ಓಪನ್ ಆಗುವಾಗ್ಲೂ ಒಳಗಿರೋದನ್ನೆಲ್ಲ ಟೆಂಪ್ ಫೋಲ್ಡರ್‌ಗೆ ಬಿಚ್ಚಿ ಹಾಕಿ ಆಮೇಲೆ ಶುರುವಾಗತ್ತೆ, ವಖಾರಿಯ ಹಳೇ ಹಾರ್ಡ್‌ಡಿಸ್ಕ್ ಕಂಪ್ಯೂಟರಲ್ಲಿ ಒತ್ತಿದ ಮೇಲೆ ಒಂದು ಕವಳ ಹಾಕಿ ಮುಗಿಸೋಷ್ಟು ಹೊತ್ತು, ಅಷ್ಟರಲ್ಲಿ ತಾಳ್ಮೆಗೆಟ್ಟು ಮತ್ತೆರಡು ಸಲ ಒತ್ತಿರ್ತಾರೆ, ಮೂರು ಕಿಟಕಿ ಒಟ್ಟಿಗೆ ತೆರ್ಕಳತ್ತೆ. ಮೇಲಿಂದ ಆಂಟಿವೈರಸ್. ಅದೇ ಪೈಇನ್‌ಸ್ಟಾಲರ್ ಬಳಸಿ ವೈರಸ್ ಕಟ್ಟೋರೂ ಇದಾರೆ, ಹಾಗಾಗಿ ನನ್ನ ಎಕ್ಸ್‌ಇಯ ತಲೆಭಾಗವೂ ಅವರ ಎಕ್ಸ್‌ಇಯ ತಲೆಭಾಗವೂ ಒಂದೇ ಥರ ಕಾಣತ್ತೆ, ಎರಡು ಕಡೆ ನನ್ನ ಫೈಲನ್ನ ಹೇಳದೇ ಕೇಳದೇ ಎತ್ತಿ ಒಳಗೆ ಹಾಕಿತ್ತು. ಫೋಲ್ಡರ್ ದಾರಿಗೆ ಹೋದ್ಮೇಲೆ ಅದು ಕಮ್ಮಿ ಆಯ್ತು. ಆಗ ಜಿಪ್ ಬಿಚ್ಚದೇ ಜಿಪ್ ಒಳಗಿಂದ್ಲೇ ಡಬಲ್ ಕ್ಲಿಕ್ ಮಾಡೋರು, ಐಕಾನ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕ್ಕಳೋರು ಶುರುವಾದ್ರು.

ಇನ್ನು ವಿಂಡೋಸ್‌ನ ಆ ನೀಲಿ ಡಬ್ಬಿ, ಗೊತ್ತಿಲ್ಲದವರ ಫೈಲು ಅಂತ ತಡೆಯತ್ತಲ್ಲ. ಸಹಿ ಮಾಡೋ ಸರ್ಟಿಫಿಕೇಟ್ ವರ್ಷ ವರ್ಷ ದುಡ್ಡು ಕೊಟ್ಟು ತಗಳೋಷ್ಟು ನನ್ನ ಹತ್ರ ಇಲ್ಲ, ಹಾಗಾಗಿ ಎಲ್ಲರಿಗೂ "ಮೋರ್ ಇನ್ಫೋ ಒತ್ತಿ, ರನ್ ಎನಿವೇ ಒತ್ತಿ" ಅಂತ ಕಲಿಸ್ದೆ. ಇದು ಇವತ್ತಿಗೂ ನನಗೆ ಚುಚ್ಚತ್ತೆ. ವಾಟ್ಸಾಪಲ್ಲಿ ಮದುವೆ ಕಾಗದ ಅಂತ ಎಪಿಕೆ (ಮೊಬೈಲ್ ಆಪ್ ಫೈಲು) ಕಳಿಸಿ ದುಡ್ಡು ಹೊಡೆಯೋ ಕಾಲ, ಅದರಲ್ಲಿ ಎಚ್ಚರಿಕೆ ಬಂದ್ರೂ ಮುಂದೆ ಹೋಗಿ ಅಂತ ಹಿರಿಯರಿಗೆ ನಾನೇ ಪಾಠ ಮಾಡ್ತಿದೇನೆ.

ಈಗ ನನ್ನ ದೊಡ್ಡ ತಪ್ಪಿಗೆ ಬರ್ತೆ. ಎಲ್ಲಾ ಒಂದೇ ಫೋಲ್ಡರಲ್ಲಿ ಇರ್ಲಿ ಅನ್ನೋ ಹುಮ್ಮಸ್ಸಲ್ಲಿ ಡೇಟಾಬೇಸ್ ಫೈಲನ್ನೂ ಅದೇ ಫೋಲ್ಡರಲ್ಲಿ ಎಕ್ಸ್‌ಇ ಪಕ್ಕದಲ್ಲೇ ಇಟ್ಟಿದ್ದೆ. ಬ್ಯಾಕಪ್ ಸುಲಭ, ಫೋಲ್ಡರ್ ಕಾಪಿ ಮಾಡಿದ್ರೆ ಆಯ್ತು ಅಂತ ನನ್ನ ಜಾಣತನ. 2022ರ ಡಿಸೆಂಬರ್, ಕೊಯ್ಲಿನ ಸಮಯ, ಹೊಸ ವರ್ಷನ್ ಬಿಟ್ಟು "ಹಳೇ ಫೋಲ್ಡರ್ ತೆಗೆದು ಹೊಸದನ್ನ ಇಡಿ" ಅಂತ ಎಲ್ಲರಿಗೂ ಮೆಸೇಜ್ ಹಾಕಿದೆ. ಒಬ್ಬರು ಹೆಗಡೇರು, ತುಂಬಾ ಶಿಸ್ತಿನ ಮನುಷ್ಯ, ನಾನು ಹೇಳಿದ್ದನ್ನ ಅಕ್ಷರಶಃ ಮಾಡಿದ್ರು. ಹಳೇ ಫೋಲ್ಡರ್ ಡಿಲೀಟ್, ರೀಸೈಕಲ್ ಬಿನ್ನೂ ಖಾಲಿ. ಹೊಸದು ತೆಗೆದ್ರೆ ಒಂದೂ ಹೆಸರಿಲ್ಲ. ನಾಲ್ಕು ತಿಂಗಳ ಲೆಕ್ಕ.

ಫೋನಲ್ಲಿ ಅವರು ಕೂಗಾಡ್ಲಿಲ್ಲ, ಅದೇ ಹೆಚ್ಚು ಹೆದರಿಕೆ ಆಗಿದ್ದು. "ತಮಾ, ನಿನ್ನೆವರೆಗೆ ಎಲ್ಲಾ ಇದ್ದಿತ್ತಲಾ" ಅಂತ ಎರಡು ಸಲ ಅಂದ್ರು. ಹೋಗಿ ಡಿಲೀಟ್ ಆದ ಫೈಲ್ ವಾಪಸ್ ತರೋ ಟೂಲ್ ಎಲ್ಲ ಓಡಿಸಿ ನೋಡಿದೆ, ಹೊಸ ಫೋಲ್ಡರ್ ಬಿಚ್ಚಿದಾಗ ಅದೇ ಜಾಗದ ಮೇಲೆ ಬರೆದು ಹೋಗಿತ್ತು ಅಂತ ಕಾಣತ್ತೆ, ಡೇಟಾಬೇಸಿನ ಚೂರುಪಾರು ಸಿಕ್ತು ಅಷ್ಟೇ. ಪುಣ್ಯಕ್ಕೆ ಅವರು ನನ್ನ ಪ್ರೋಗ್ರಾಂ ನಂಬಿ ಚೀಟಿ ಬರೆಯೋದು ಬಿಟ್ಟಿರ್ಲಿಲ್ಲ. ದಾರಕ್ಕೆ ಪೋಣಿಸಿಟ್ಟ ಚೀಟಿ ಕಟ್ಟು ಇಳಿಸಿ, ನಾನು ಟೈಪ್ ಮಾಡೋದು ಅವರು ಓದೋದು, ಎರಡು ದಿನ ಕೂತು ಎಲ್ಲ ವಾಪಸ್ ಹಾಕಿದ್ವಿ. ಅಲ್ಲಿಂದ ಬಂದ ದಿನವೇ ಡೇಟಾವನ್ನ ಬಳಕೆದಾರರ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಸಾಗಿಸಿ, ದಿನಕ್ಕೊಂದು ಕಾಪಿ ತಾನೇ ಇಡೋ ಹಾಗೆ ಮಾಡಿದೆ. ಪ್ರೋಗ್ರಾಂ ಬೇಕಾದ್ದನ್ನೆಲ್ಲ ತಾನೇ ಹೊತ್ಕಂಡು ಬರ್ಲಿ, ಡೇಟಾ ಮಾತ್ರ ಅದರ ಹೊಟ್ಟೆ ಒಳಗೆ ಇರ್ಬಾರ್ದು. ಲಿನಕ್ಸಲ್ಲಿ ಎಲ್ಲಾ ಒಂದೇ ಫೈಲಲ್ಲಿ ತುಂಬಿ ಕೊಡೋ ಆಪ್‌ಇಮೇಜ್ ಅಂತ ಇದೆ, ಅದರಲ್ಲಿ ಈ ತಪ್ಪು ಮಾಡೋಕೇ ಆಗಲ್ಲ, ಅದು ಒಳಗಿರೋ ಫೈಲುಗಳನ್ನ ಓದಕ್ಕೆ ಮಾತ್ರ ಅಂತ ತೆರೆದಿಡೋದು (ಮೌಂಟ್ ಮಾಡೋದು), ಒಳಗೆ ಬರೆಯಕ್ಕೆ ಹೋದ್ರೆ ಆಗಲ್ಲ ಅಂತ ಮುಖಕ್ಕೆ ಹೇಳತ್ತೆ. ಮೊದಲು ಲಿನಕ್ಸ್‌ಗೇ ಕಟ್ಟಿದ್ರೆ ವಿಂಡೋಸಲ್ಲಿ ಬೀಳೋದು ತಪ್ತಿತ್ತು.

ಲಿನಕ್ಸ್ ಯಾರಿಗೆ ಬೇಕು ವಖಾರಿಲಿ ಅಂತ ಕೇಳ್ಬಹುದು. ಹೊಸ ವಿಂಡೋಸ್ ಹಾಕಿದ್ರೆ ಉಸಿರುಗಟ್ಟೋ ಹಳೇ ಲ್ಯಾಪ್‌ಟಾಪುಗಳಿಗೆ ನಾನೇ ಡೆಬಿಯನ್ನೋ ಉಬುಂಟುವೋ ಹಾಕಿ ಕೊಟ್ಟಿದ್ದು ಮೂರ್ನಾಲ್ಕು ಕಡೆ ಇದೆ. ಅದಕ್ಕೆ ಆಪ್‌ಇಮೇಜ್ ಆರಿಸ್ಕಂಡೆ. ಸೈಮನ್ ಪೀಟರ್ ಅನ್ನೋರು 2004ರಲ್ಲಿ ಕ್ಲಿಕ್ ಅಂತ ಶುರು ಮಾಡಿದ್ದು ಬೆಳೀತಾ ಬೆಳೀತಾ 2013ಕ್ಕೆ ಈ ಹೆಸರಿಗೆ ಬಂತು, ಒಂದು ಆಪ್ ಒಂದು ಫೈಲ್ ಅನ್ನೋದೇ ಅದರ ಮಂತ್ರ. ಲಿನಸ್ ಟೋರ್ವಾಲ್ಡ್ಸ್ ಕಥೆಯೂ ಇಲ್ಲೇ ಬರತ್ತೆ. ಅವರು ಸಮುದ್ರದಲ್ಲಿ ಡೈವ್ ಮಾಡೋರ ಲೆಕ್ಕಕ್ಕೆ ಸಬ್‌ಸರ್ಫೇಸ್ ಅಂತ ಒಂದು ಪ್ರೋಗ್ರಾಂ 2011ರಲ್ಲಿ ಶುರು ಮಾಡಿದ್ರು, ನಮ್ಮ ಮುರುಡೇಶ್ವರದಿಂದ ದೋಣಿಲಿ ನೇತ್ರಾಣಿಗೆ ಹೋಗಿ ಮುಳುಗೋರು ಕೈಗೆ ಕಟ್ಕಳೋ ಡೈವ್ ಕಂಪ್ಯೂಟರ್ ಇರತ್ತಲ್ಲ, ಅದರ ಡೇಟಾ ಇಳಿಸ್ಕಳೋದು. 2014ರ ಡೆಬ್‌ಕಾನ್ಫ್ ಅನ್ನೋ ಡೆಬಿಯನ್ ಸಮ್ಮೇಳನದಲ್ಲಿ ಅವರು ಡೆಬಿಯನ್ ಜನರ ಎದುರಿಗೇ ನಿಂತು, ವಿಂಡೋಸ್‌ಗೆ ಮ್ಯಾಕ್‌ಗೆ ಬೈನರಿ (ನೇರ ಓಡೋ ಫೈಲು) ಕಟ್ಟಿ ಕೊಡ್ತೀವಿ, ಲಿನಕ್ಸ್ ಡೆಸ್ಕ್‌ಟಾಪ್‌ಗೆ ಕಟ್ಟೋದೇ ದೊಡ್ಡ ಗೋಳು ಅಂತ ಹೇಳಿದ್ರು. ಲಿನಕ್ಸ್ ಹುಟ್ಟಿಸಿದವರೇ! ಈಗ ಸಬ್‌ಸರ್ಫೇಸ್‌ನ ಆಪ್‌ಇಮೇಜ್ ಸಿಗತ್ತೆ. ಅವರಿಗೇ ಗೋಳಾದ್ರೆ ನಂದೇನು ಅಂತ ಸಮಾಧಾನ ಮಾಡ್ಕಂಡೆ.

ನನ್ನ ಮೊದಲನೇ ಆಪ್‌ಇಮೇಜನ್ನ ನನ್ನ ಉಬುಂಟು 22.04 ಲ್ಯಾಪ್‌ಟಾಪಲ್ಲಿ ಕಟ್ಟಿ ಬೀಗಿದ್ದೆ. ಯಲ್ಲಾಪುರದಲ್ಲಿ ಡೆಬಿಯನ್ 11 ಇದ್ದ ಲ್ಯಾಪ್‌ಟಾಪಲ್ಲಿ ಒತ್ತಿದ್ರೆ ಏನೂ ಆಗಲ್ಲ. ಏನೂ ಅಂದ್ರೆ ಏನೂ, ಎರರ್ ಕೂಡ ಇಲ್ಲ. ಟರ್ಮಿನಲ್‌ನಿಂದ ಓಡಿಸಿದ್ರೆ ಗ್ಲಿಬ್‌ಸಿ 2.35 ನಾಟ್ ಫೌಂಡ್. ಎಲ್ಲಾ ಲೈಬ್ರರಿ ಹೊತ್ಕಂಡು ಬರತ್ತೆ ಅಂದ್ರೂ ಎಲ್ಲದಕ್ಕೂ ತಳಪಾಯದ ಲೈಬ್ರರಿಯಾದ ಗ್ಲಿಬ್‌ಸಿಯನ್ನ ಸಾಮಾನ್ಯವಾಗಿ ಒಳಗೆ ಹಾಕಲ್ಲ, ಅದು ಆ ಕಂಪ್ಯೂಟರಿಂದೇ, ಡೆಬಿಯನ್ 11ರಲ್ಲಿ ಇದ್ದಿದ್ದು 2.31. ಹಳೇದರ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡತ್ತೆ, ಹೊಸದರ ಮೇಲೆ ಕಟ್ಟಿದ್ದು ಹಳೇದರಲ್ಲಿ ಓಡಲ್ಲ. ಅವತ್ತಿಂದ ಡೆಬಿಯನ್ 11ರ ಕಂಟೇನರ್ (ನನ್ನ ಲ್ಯಾಪ್‌ಟಾಪಲ್ಲೇ ಬೇರೆಯಾಗಿ ಓಡೋ ಹಳೇ ಲಿನಕ್ಸು) ಒಳಗೇ ಕಟ್ಟೋದು, ನನ್ನ ಲ್ಯಾಪ್‌ಟಾಪ್ ಎಷ್ಟೇ ಹೊಸದಾಗ್ಲಿ. ಸರಿ, ಅಲ್ಲಿ ಓಡ್ತು, ಈಗ ಉಬುಂಟು 22.04 ಹೊಸದಾಗಿ ಹಾಕಿದ ಕಡೆ ಓಡಲ್ಲ. ಯಾಕೆ ಅಂದ್ರೆ ಅದರಲ್ಲಿ ಲಿಬ್‌ಫ್ಯೂಸ್2 ಅನ್ನೋ ಲೈಬ್ರರಿ ಬರೋದೇ ಇಲ್ಲ, ಆಪ್‌ಇಮೇಜ್‌ಗೆ ಮೌಂಟ್ ಆಗಕ್ಕೆ ಅದು ಬೇಕಿತ್ತು. ನನ್ನ ಲ್ಯಾಪ್‌ಟಾಪಲ್ಲಿ ಎಂತಕ್ಕೋ ಯಾವಾಗ್ಲೋ ಹಾಕ್ಕಂಡಿದ್ದೆ, ಹಾಗಾಗಿ ನನಗೆ ಗೊತ್ತೇ ಆಗಿರ್ಲಿಲ್ಲ. ಆಪ್‌ಇಮೇಜಿನ ಹೊಸ ರನ್‌ಟೈಮ್ (ಅದನ್ನ ತೆರೆದು ಓಡಿಸೋ ಭಾಗ) ಬಂದ್ಮೇಲೆ ಆ ಕಾಟ ತಪ್ತು.

ಪೆನ್‌ಡ್ರೈವ್ ಕಾಟ ಮಾತ್ರ ತಪ್ಪಲಿಲ್ಲ, ಇದನ್ನ ಯಾರೂ ಮೊದಲೇ ಹೇಳಲ್ಲ, ಬರೆದಿಟ್ಕಳಿ. ಫ್ಯಾಟ್32 ಅಂತ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಹಾಕಿದ್ರೆ ಲಿನಕ್ಸ್ ಡೆಸ್ಕ್‌ಟಾಪು ಅದನ್ನ ಮೌಂಟ್ ಮಾಡೋ ರೀತಿಲಿ ಎಕ್ಸ್‌ಇ, ಕಾಮ್, ಬ್ಯಾಟ್ ಹೆಸರಿನ ಫೈಲಿಗೆ ಮಾತ್ರ ಎಕ್ಸಿಕ್ಯೂಟ್ (ಓಡಿಸೋ) ಅನುಮತಿ ಸಿಗತ್ತೆ. ಲಿನಕ್ಸಲ್ಲಿ ಓಡದ ಎಕ್ಸ್‌ಇಗೆ ಅನುಮತಿ ಉಂಟು, ಆಪ್‌ಇಮೇಜಿಗೆ ಇಲ್ಲ, ಪ್ರಾಪರ್ಟೀಸಲ್ಲಿ ಟಿಕ್ ಹಾಕಿದ್ರೆ ಟಿಕ್ ನಿಲ್ಲೋದೂ ಇಲ್ಲ. ಮೊದಲು ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ, ಆಮೇಲೆ ಟಿಕ್ ಹಾಕಿ.

ಇಷ್ಟೆಲ್ಲ ಆಗಿ 2023ರ ಹೊತ್ತಿಗೆ ಹದಿನಾಲ್ಕು ಕಡೆ ಓಡ್ತಾ ಇತ್ತು, ನಾನು ನಿರಾಳ. ಆ ಸೆಪ್ಟೆಂಬರಲ್ಲಿ ಲಿಬ್‌ವೆಬ್‌ಪಿ ಸುದ್ದಿ ಬಂತು, ವೆಬ್‌ಪಿ ಚಿತ್ರ ತೆರೆಯೋ ಲೈಬ್ರರಿಲಿ ತೂತು, ಬೇಕಂತ್ಲೇ ಕೆಡಿಸಿದ ಒಂದು ಚಿತ್ರ ತೆರೆದ್ರೆ ಸಾಕು ಒಳಗೆ ನುಗ್ಗಬಹುದು ಅಂತ. ಕ್ರೋಮ್, ಫೈರ್‌ಫಾಕ್ಸ್ ತಕ್ಷಣ ಅಪ್‌ಡೇಟ್ ಬಿಟ್ವು. ನಾನೂ ಅಪ್‌ಡೇಟ್ ಹಾಕ್ಕಂಡು ಊಟ ಮಾಡಿ ಮಲಗ್ದೆ. ಕಾರವಾರದಲ್ಲಿ ಒಬ್ಬ ಗೆಳೆಯ ಇದಾನೆ, ಡೆಬಿಯನ್ ಭಕ್ತ, ಮನೆ ಮಾತು ಕೊಂಕಣಿ, ನನ್ನ ಹತ್ರ ಕನ್ನಡದಲ್ಲೇ ಜಗಳಾಡೋದು. ಮಾರನೇ ದಿನ ಅವನ ಫೋನು: "ಅರೇ, ನಿನ್ನ ಬಂಡಲ್ ಒಳಗೆ ನೋಡಿದ್ಯಾ?" ಎಂತ ನೋಡೋದು, ನಾನು ವೆಬ್‌ಪಿ ಬಳಸೋದೇ ಇಲ್ಲ ಅಂದೆ. "ನೀನು ಬಳಸ್ಬೇಕಂತಿಲ್ಲ, ಕ್ಯೂಟಿ ಬಳಸತ್ತೆ, ಬಿಚ್ಚಿ ನೋಡು ಮಾರಾಯ."

ಬಿಚ್ಚಿದೆ. ಇಮೇಜ್ ಫಾರ್ಮ್ಯಾಟ್ಸ್ ಅನ್ನೋ ಪ್ಲಗಿನ್ ಫೋಲ್ಡರ್, ಅದರಲ್ಲಿ ಲಿಬ್‌ಕ್ಯೂವೆಬ್‌ಪಿ, ಅದರ ಹೊಟ್ಟೆಲಿ ಅದೇ ಲೈಬ್ರರಿಯ ಹಳೇ ಕಾಪಿ. ನನ್ನ ಪ್ರೋಗ್ರಾಂ ಚೀಟಿ ಫೋಟೋ ತೆರೆಯತ್ತಲ್ಲ, ಆ ಫೋಟೋ ಬರೋದು ವಾಟ್ಸಾಪಿಂದ, ಫೈಲಿನ ಹೆಸರು ಜೆಪಿಜಿ ಅಂತಿದ್ರೂ ಒಳಗಿರೋದು ವೆಬ್‌ಪಿ ಆದ್ರೆ ಕ್ಯೂಟಿ ಮೂಸಿ ನೋಡಿ ಅದೇ ಪ್ಲಗಿನ್ನಿಗೆ ಕೊಡತ್ತೆ. ಕೈಕಾಲು ತಣ್ಣಗಾಯ್ತು. ಅವನು ಹೇಳಿದ್ದು ನೇರ ಇತ್ತು: ನಿನ್ನ ಪ್ರೋಗ್ರಾಂ ಡೆಬಿಯನ್ನಿನ ಕ್ಯೂಟಿ ಬಳಸ್ತಿದ್ರೆ ಡೆಬಿಯನ್‌ನವರು ಒಂದು ಲೈಬ್ರರಿ ಸರಿ ಮಾಡ್ತಿದ್ರು, ಎಲ್ಲಾ ಪ್ರೋಗ್ರಾಂಗೂ ಸರಿಯಾಗ್ತಿತ್ತು, ನೀನು ಎದ್ದೇಳೋದೂ ಬೇಕಿರ್ಲಿಲ್ಲ, ಈಗ ಹದಿನಾಲ್ಕು ಕಡೆ ಇರೋ ಕಾಪಿಗೆ ನೀನೇ ಡೆಬಿಯನ್ನು, ನೀನೇ ಸೆಕ್ಯುರಿಟಿ ಟೀಮು. ಉತ್ತರ ಇರ್ಲಿಲ್ಲ ನನ್ನ ಹತ್ರ. ಪ್ಯಾಕೇಜ್ ಕೊಡೋದು ಅಂದ್ರೆ ಎಂತ ಅಂತ ನನಗೆ ಅರ್ಥ ಆಗಿದ್ದು ಅವತ್ತು, ಅಲ್ಲಿವರೆಗೆ ಅದೊಂದು ಬಿಲ್ಡ್ ಸ್ಕ್ರಿಪ್ಟ್ ಅಂದ್ಕಂಡಿದ್ದೆ.

ರಾತ್ರಿ ಕೂತು ವೆಬ್‌ಪಿ ಪ್ಲಗಿನ್ ಕಿತ್ತು ಹಾಕಿದೆ. ಕೈ ಹಾಕಿದ್ಮೇಲೆ ಸುಮ್ನಿರತ್ತಾ, ಬೇಡದ್ದೆಲ್ಲ ಕಿತ್ತೆ, ಟಿಫ್, ಐಕೊ, ಎಸ್‌ವಿಜಿ, ಅದು ಇದು, ಪ್ಲಾಟ್‌ಫಾರ್ಮ್ ಇನ್‌ಪುಟ್ ಕಾಂಟೆಕ್ಸ್ಟ್ಸ್ ಅಂತ ಒಂದು ಸಣ್ಣ ಫೋಲ್ಡರ್ ಇತ್ತು, ಇದೆಂತಕ್ಕೋ ಅಂತ ಅದನ್ನೂ ಕಿತ್ತೆ. ಪ್ಯಾಕೇಜ್ ಸಣ್ಣಗಾಯ್ತು, ಓಪನ್ ಆಗತ್ತೆ, ಲೆಕ್ಕ ಬರತ್ತೆ, ಪ್ರಿಂಟ್ ಬರತ್ತೆ. ಹದಿನಾಲ್ಕು ಕಡೆಗೂ ಫೋನ್ ಮಾಡಿ ಹಾಕ್ಸಿದೆ. ಎರಡು ದಿನಕ್ಕೆ ಯಲ್ಲಾಪುರದ ಹುಡುಗನ ಫೋನು, "ಅಣ್ಣಾ, ಹೆಸರು ಟೈಪ್ ಮಾಡಿದ್ರೆ ಇಂಗ್ಲಿಷ್ ಅಕ್ಷರವೇ ಬರ್ತಿದೆ, ಬೇರೆ ಎಲ್ಲಾ ಕಡೆ ಕನ್ನಡ ಬರತ್ತೆ, ನಿಮ್ಮದರಲ್ಲಿ ಮಾತ್ರ ಇಲ್ಲ." ಲಿನಕ್ಸಲ್ಲಿ ಕನ್ನಡ ಟೈಪ್ ಮಾಡೋದು ಸಾಮಾನ್ಯವಾಗಿ ಐಬಸ್ ಅನ್ನೋ ಟೂಲಿನ ಮೂಲಕ, ಕ್ಯೂಟಿಗೂ ಐಬಸ್ಸಿಗೂ ಮಾತುಕತೆ ಮಾಡ್ಸೋದು ನಾನು ಕಿತ್ತು ಬಿಸಾಡಿದ ಆ ಸಣ್ಣ ಫೋಲ್ಡರು. ವಿಂಡೋಸಿಗೆ ಅದು ಬೇಡ, ಹಾಗಾಗಿ ವಿಂಡೋಸಿನವರಿಗೆ ಏನೂ ಆಗಿರ್ಲಿಲ್ಲ. ನನ್ನ ಟೆಸ್ಟಿಂಗ್ ಎಂತದು ಅಂದ್ರೆ ಹಳೇ ಡೇಟಾಬೇಸ್ ತೆರೆದು, ಕನ್ನಡ ಹೆಸರು ಸರಿ ಕಾಣತ್ತಾ ನೋಡೋದು. ಕಾಣ್ತಿತ್ತು, ಒತ್ತಕ್ಷರ ಎಲ್ಲ ಚಂದ ಕೂತಿತ್ತು. ಟೈಪ್ ಮಾಡಿ ನೋಡಿರ್ಲೇ ಇಲ್ಲ! ಕನ್ನಡದ ಪ್ರೋಗ್ರಾಂ ಕಟ್ಟಿ ಅದರಲ್ಲಿ ಕನ್ನಡ ಬರೆಯೋಕೇ ಬರ್ದಿರೋ ಹಾಗೆ ಮಾಡಿದ ಮಹಾನುಭಾವ ನಾನು. ಬಂಡಲ್ ಕಟ್ಟೋ ಬೇರೆಯವರ ಪ್ರೋಗ್ರಾಂನಲ್ಲೂ ಈ ತೊಂದರೆ ಇರತ್ತೆ ನೋಡಿ, ಕಟ್ಟೋರು ಇಂಗ್ಲಿಷ್ ಕೀಬೋರ್ಡಿನವರಾದ್ರೆ ಅವರಿಗೆ ಗೊತ್ತೇ ಆಗಲ್ಲ. ಈಗ ರಿಲೀಸ್ ಮಾಡೋ ಮೊದಲು ಪ್ರತಿ ಸಲ "ಶ್ರೀ ಲಕ್ಷ್ಮೀನಾರಾಯಣ" ಅಂತ ಕೈಯಾರೆ ಟೈಪ್ ಮಾಡ್ತೇನೆ, ಪ್ರಿಂಟ್ ತೆಗೀತೇನೆ. ಫಾಂಟೂ ಒಳಗೇ ಹಾಕಿದೇನೆ, ನೋಟೋ ಸಾನ್ಸ್ ಕನ್ನಡ, ವಿಂಡೋಸ್ 7ರಲ್ಲಿ ಇರೋ ತುಂಗಾ ಫಾಂಟಲ್ಲಿ ರಸೀದಿ ಒಂಥರ ತೆಳ್ಳಗೆ ಕಾಣ್ತಿತ್ತು.

ಫ್ಲ್ಯಾಟ್‌ಪ್ಯಾಕ್ ಮಾಡಿ ನೋಡ್ಲಿಲ್ವಾ ಅಂತ ಕೇಳೋರಿಗೆ, ಮಾಡ್ದೆ. ಅಲೆಕ್ಸಾಂಡರ್ ಲಾರ್ಸನ್ ಕಟ್ಟಿದ ಆ ವ್ಯವಸ್ಥೆ ಬುದ್ಧಿವಂತಿಕೆದು, ನನ್ನ ಲಿಬ್‌ವೆಬ್‌ಪಿ ಪೀಕಲಾಟಕ್ಕೆ ಅರ್ಧ ಪರಿಹಾರ ಅದರಲ್ಲಿದೆ, ಕ್ಯೂಟಿ ಥರದ್ದೆಲ್ಲ ಹಂಚ್ಕಂಡು ಬಳಸೋ ರನ್‌ಟೈಮಲ್ಲಿ ಇರತ್ತೆ, ಅದನ್ನ ಸರಿ ಮಾಡೋದು ಆ ರನ್‌ಟೈಮಿನವರು. ಆದ್ರೆ ಆ ರನ್‌ಟೈಮ್ ನೂರಾರು ಎಂಬಿ, ಒಂದೇ ಪ್ರೋಗ್ರಾಂ ಬೇಕಾದ ವಖಾರಿಗೆ, ಅದೂ ಮೊಬೈಲ್ ಹಾಟ್‌ಸ್ಪಾಟ್ ಮೇಲೆ. ಪೆನ್‌ಡ್ರೈವಲ್ಲಿ ಸಾಗಿಸೋ ಕಮಾಂಡ್ ಅದರಲ್ಲೂ ಇದೆ, ಆದ್ರೆ ಕಮಾಂಡ್ ಹೊಡೆಯೋದು ಯಾರು? ಮತ್ತೊಂದು, ಅದು ಪ್ರೋಗ್ರಾಂ ಸುತ್ತ ಹಾಕೋ ಬೇಲಿ, ಅಂದ್ರೆ ಸ್ಯಾಂಡ್‌ಬಾಕ್ಸ್ ಒಳಗಿಂದ ತೂಕದ ಮಷಿನ್ನಿನ ಸೀರಿಯಲ್ ಪೋರ್ಟ್ ಕಾಣಲ್ಲ, ಕಾಣ್ಬೇಕು ಅಂದ್ರೆ ಎಲ್ಲಾ ಡಿವೈಸಿಗೂ ಬಾಗ್ಲು ತೆಗೀಬೇಕು, ಹಾಗೆ ಮಾಡಿದ್ಮೇಲೆ ಸ್ಯಾಂಡ್‌ಬಾಕ್ಸ್ ಇಟ್ಟು ಎಂತ ಪ್ರಯೋಜನ. ಉಬುಂಟುವಿನವರ ಪ್ಯಾಕೇಜ್ ರೀತಿ ಸ್ನ್ಯಾಪ್ ಬಗ್ಗೆ ಹೆಚ್ಚು ಹೇಳಲ್ಲ, ಮಾಮೂಲಿ ಸೆಟ್ಟಿಂಗಲ್ಲಿ ದಿನಕ್ಕೆ ನಾಲ್ಕು ಸಲ ಅಪ್‌ಡೇಟ್ ಉಂಟಾ ನೋಡತ್ತೆ, ಅಂಗಡಿ ಒಂದೇ, ಅದರ ಕೀಲಿಕೈ ಉಬುಂಟು ಕಂಪನಿ ಕೆನೋನಿಕಲ್ ಹತ್ರ.

ಕಾರವಾರದವನ ಜೊತೆ ಜಗಳ ಮುಗಿದಿಲ್ಲ. 2024ರ ಮಾರ್ಚಲ್ಲಿ ಫೈಲನ್ನ ಒತ್ತಿ ಸಣ್ಣ ಮಾಡೋ ಎಕ್ಸ್‌ಝಡ್ ಅನ್ನೋದರಲ್ಲಿ ಕಳ್ಳತನದಿಂದ ಇಟ್ಟ ಹಿಂಬಾಗಿಲು ಸಿಕ್ತಲ್ಲ, ಆಂಡ್ರೆಸ್ ಫ್ರಾಯಿಂಡ್ ಅನ್ನೋರು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೋಗೋ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅಂತ ಬೆನ್ನುಹತ್ತಿ ಹಿಡಿದಿದ್ದು, ಆಗ ನಾವಿಬ್ರೂ ಕಾರವಾರದ ಟಾಗೋರ್ ಬೀಚಲ್ಲಿ ಕೂತಿದ್ವಿ. "ನೋಡು, ಹಿಂಬಾಗಿಲು ಇದ್ದಿದ್ದು ಪ್ರಾಜೆಕ್ಟ್‌ನವರೇ ಬಿಟ್ಟ ಅಧಿಕೃತ ಟಾರ್‌ಬಾಲ್, ಆ ಸೋರ್ಸ್ ಕಟ್ಟಿನ ಒಳಗೆ" ಅಂದ. "ಡೆಬಿಯನ್ ಸ್ಟೇಬಲ್‌ಗೆ ಅದು ಬರ್ಲೇ ಇಲ್ಲ, ನಿಧಾನ ಅಂತ ನೀವೆಲ್ಲ ಬೈತೀರಲ್ಲ, ಆ ನಿಧಾನವೇ ಉಳಿಸಿದ್ದು." ಮಾತು ನಿಜ. ಪ್ರಾಜೆಕ್ಟಿಗೂ ಬಳಕೆದಾರರಿಗೂ ಮಧ್ಯೆ ಇನ್ನೊಂದು ಜೊತೆ ಕಣ್ಣು ಇರೋದು ಒಳ್ಳೇದೇ. ಆದ್ರೆ ನನ್ನ ಅಡಿಕೆ ಲೆಕ್ಕವನ್ನ ಡೆಬಿಯನ್ನಿಗೆ ತಗಂಡು ಹೋಗೋರು ಯಾರು, ಹದಿನಾಲ್ಕು ವಖಾರಿಗಾಗಿ? ಅದೂ ಹತ್ತು ಕಡೆ ವಿಂಡೋಸ್ ಇರುವಾಗ? "ನಾನು ಮಾಡ್ತೇನೆ" ಅಂದ ಅವನು, ಅಂದು ಇಷ್ಟು ದಿನ ಆಯ್ತು. ಅವನಿಗೂ ಕೆಲಸ ಇದೆ, ಬೈಯಲ್ಲ.

ನನ್ನ ಮಟ್ಟಿಗೆ ಈಗ ನಡೀತಿರೋದು ಹೀಗೆ. ಅಧಿಕೃತ ಅಂತ ಎರಡೇ, ವಿಂಡೋಸ್ ಜಿಪ್ ಒಂದು, ಆಪ್‌ಇಮೇಜ್ ಒಂದು. ಮೂರನೇದು ಕೇಳಿದ್ರೆ ಇಲ್ಲ ಅಂತೇನೆ, ಯಾಕಂದ್ರೆ ಕಟ್ಟೋದು ಒಂದು ರಾತ್ರಿ ಕೆಲಸ, ಆಮೇಲೆ ವರ್ಷಗಟ್ಟಲೆ ಅದರ ಹಿಂದೆ ಓಡೋದು ನಾನೇ. ಬಂಡಲ್ ಒಳಗೆ ಎಂತೆಂತ ಇದೆ, ಯಾವ ವರ್ಷನ್, ಯಾವ ಲೈಸೆನ್ಸ್ ಅಂತ ಒಂದು ಪಟ್ಟಿ ಪ್ಯಾಕೇಜಿನ ಜೊತೆಗೇ ಇರತ್ತೆ, ತಿಂಗಳಿಗೊಂದ್ಸಲ ಅದನ್ನ ಹಿಡ್ಕಂಡು ಕೂತು ಯಾವುದಕ್ಕಾದ್ರೂ ತೂತು ಬಿದ್ದಿದ್ಯಾ ನೋಡ್ತೇನೆ. ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡಕ್ಕೆ ಎಸ್‌ಎಚ್‌ಎ256 ಮೊತ್ತ ಹಾಕಿರ್ತೇನೆ, ಯಾರೂ ನೋಡಲ್ಲ, ಕಾರವಾರದವನು ನೋಡ್ತಾನೆ. ಮೊದಲನೇ ಪರದೆ ಮೇಲೇ ವರ್ಷನ್ ತಾರೀಖು ದೊಡ್ಡಕ್ಷರದಲ್ಲಿದೆ, ಫೋನ್ ಬಂದ ಕೂಡ್ಲೇ ಅದನ್ನ ಓದಿ ಅಂತೇನೆ, ಓದಿದ್ದು ನನ್ನದಲ್ಲ ಅಂದ್ರೆ ಅರ್ಧ ಗಂಟೆ ಉಳೀತು. ಕುಮಟೆಯ ಅಂಗಡಿಯವರಿಗೂ ಹೋಗಿ ಹೇಳಿದೆ, ನೀವು ನನ್ನ ಜಿಪ್ ಇಟ್ಟು ಮಾರಿ, ಹಾಕಿಕೊಟ್ಟಿದ್ದಕ್ಕೆ ದುಡ್ಡು ತಗಳಿ, ನೀವೇ ಕಟ್ಟಿದ್ರೆ ಬೇರೆ ಹೆಸರಿಡಿ. ಒಪ್ಪಿದ್ರು, ಚಾ ಕೂಡ ಕೊಟ್ರು.

ಈಗ ತಲೆ ತಿಂತಿರೋದು ವಿಂಡೋಸ್ 7. ಮೂರು ವಖಾರಿಲಿ ಇನ್ನೂ ಅದೇ ಇದೆ. ಅದರಲ್ಲಿ ಓಡೋ ಕೊನೇ ಪೈಥಾನ್ 3.8, ಆ 3.8ಕ್ಕೂ ರಿಪೇರಿ ಬರೋದು 2024ರ ಅಕ್ಟೋಬರ್‌ಗೆ ನಿಂತೋಯ್ತು. ಹಾಗಾಗಿ ಎಲ್ಲರಿಗೂ ಕಟ್ಟೋ ಪ್ಯಾಕೇಜು ಆ ಮೂರು ಕಂಪ್ಯೂಟರಿಗಾಗಿ ಹಳೇ ಪೈಥಾನಲ್ಲೇ ಕೂತಿದೆ. ಬೇರೆಯವರು ಕಟ್ಟಿ ಕೊಡ್ತಿದ್ರೆ ನಾನು ಬೈಕಂಡು ಸುಮ್ನಿರ್ತಿದ್ದೆ, ಅಧಿಕೃತ ಅಂತ ನಾನೇ ಕೊಟ್ಟ ಮೇಲೆ ನಿಲ್ಸೋದನ್ನೂ ನಾನೇ ಹೋಗಿ ಹೇಳ್ಬೇಕು. ಮೂವರಲ್ಲಿ ಒಬ್ಬರು ಅದೇ ಹೆಗಡೇರು, ನಾಲ್ಕು ತಿಂಗಳ ಲೆಕ್ಕ ಕಳ್ಕಂಡವರು. ಮೊನ್ನೆ ಹೋಗಿದ್ದೆ. ಹೆಗಡೇರೇ, ಕಂಪ್ಯೂಟರ್ ಬದಲಾಯಿಸ್ಬೇಕು, ಇಲ್ಲಾಂದ್ರೆ ನಾನೇ ಲಿನಕ್ಸ್ ಹಾಕ್ಕೊಡ್ತೆ, ಮುಂದಿನ ವರ್ಷನ್ ಇದರಲ್ಲಿ ಓಡಲ್ಲ ಅಂದೆ. ಅವರು ದಾರಕ್ಕೆ ಪೋಣಿಸಿದ ಚೀಟಿ ಕಟ್ಟನ್ನ ಒಂದ್ಸಲ ನೋಡಿ, ನನ್ನನ್ನ ಒಂದ್ಸಲ ನೋಡಿ, ಕವಳದ ತಟ್ಟೆ ನನ್ನ ಕಡೆ ಸರಿಸಿದ್ರು.

"ಈ ಸಲದ ಕೊಯ್ಲು ಒಂದು ಮುಗೀಲಿ ತಮಾ, ಆಮೇಲೆ ನೋಡನ."